ಅರಿಶಿನ ಹಚ್ಚದ ಕಾರ್ಡು

1-2-95, ಬುಧವಾರ

ಐದಕ್ಕೆ ಎದ್ದೆ. ನಡಿಗೆ, ಮೂವತ್ತು ಬಸ್ಕಿ. ರಿಟೈರ್ ಆಗಿ ಎರಡು ವರ್ಷವಾದರೂ ಡ್ರಿಲ್ ಮೇಷ್ಟರ ಮೈ ಇನ್ನೂ ಬಗ್ಗುತ್ತದೆ. ಕರೆಂಟು 6ರಿಂದ 9. ಒಂಬತ್ತಕ್ಕೆ ಹೋಯಿತು, ಬೀದಿಯ ಮಗ್ಗಗಳೆಲ್ಲ ಒಂದೇ ಏಟಿಗೆ ನಿಂತವು. ಒಂದು ಗಂಟೆಗೆ ಬಂತು, ಮತ್ತೆ ಖಟಖಟ. ಈ ದೊಡ್ಡಬಳ್ಳಾಪುರದಲ್ಲಿ, ಅದರಲ್ಲೂ ನಮ್ಮ ನೇಕಾರರ ಬೀದಿಯಲ್ಲಿ, ಕರೆಂಟು ಇದೆಯೋ ಇಲ್ಲವೋ ಎಂದು ಸ್ವಿಚ್ ಒತ್ತಿ ನೋಡಬೇಕಿಲ್ಲ. ಕಿವಿ ಸಾಕು. ಹದಿನಾಲ್ಕು ಮನೆ, ಮನೆಗೆ ಎರಡು ಮೂರು ಪವರ್‌ಲೂಮು. ಭಾನುವಾರವೂ ರಜ ಇಲ್ಲ, ಅಮಾವಾಸ್ಯೆಗೆ ಮಾತ್ರ.

ಅವರೆಕಾಳು ಸಾರು ಮಾಡಿದೆ. ಉಪ್ಪು ಜಾಸ್ತಿ. ಹೆಂಡತಿ ಎಸ್ತರ್ ಹೋಗಿ ಈ ಇಪ್ಪತ್ತೊಂದಕ್ಕೆ ಒಂದು ವರ್ಷ. ಇನ್ನೂ ಉಪ್ಪಿನ ಅಂದಾಜು ಸಿಕ್ಕಿಲ್ಲ ನನಗೆ.

ಸಂಜೆ ಪಾಸ್ಟರ್ ಸೊಲೊಮೋನ್ ಬಂದಿದ್ದರು. ಇಪ್ಪತ್ತೆಂಟು ವಯಸ್ಸು, ನಮ್ಮ ಚರ್ಚಿನ ಸಭೆಗೆ ಬಂದು ಆರು ತಿಂಗಳು. ಬೆಂಗಳೂರಿನ ಯಾವುದೋ ಸೆಮಿನಾರಿನಿಂದ ಹೊಸ ಐಡಿಯಾ ತಂದಿದ್ದಾರೆ. 19ನೇ ತಾರೀಕು ‘ನೆರೆಹೊರೆಯವರ ಭಾನುವಾರ’. ಸಭೆಯ ಪ್ರತಿ ಮನೆಯವರೂ ಅಕ್ಕಪಕ್ಕದವರನ್ನು ಚರ್ಚಿಗೆ ಕರೆದುಕೊಂಡು ಬರಬೇಕು. ಪುಸ್ತಕ ಹಂಚುವುದಿಲ್ಲ, ಉದ್ದದ ಉಪದೇಶ ಇಲ್ಲ. ಹಾಡು, ಪ್ರಾರ್ಥನೆ, ಊಟ.

“ಮೂವತ್ತು ವರ್ಷದಿಂದ ಈ ಬೀದೀಲಿದ್ದೀರ ಅಂಕಲ್. ನೀವು ಕರೆದ್ರೆ ಬಂದೇ ಬರ್ತಾರೆ.”

“ಬರಲ್ಲ” ಅಂದೆ. ಕಾಫಿ ಕೊಟ್ಟು ಕಳಿಸಿದೆ.

5-2-95, ಭಾನುವಾರ

ಆರಾಧನೆಗೆ ಇಪ್ಪತ್ತೆರಡು ಜನ. ಎಣಿಸುವ ಚಟ ಹೋಗಿಲ್ಲ.

ಮುಗಿದ ಮೇಲೆ ಪಾಸ್ಟರ್ ಮತ್ತೆ ಹಿಡಿದರು. ಯಾಕೆ ಬರಲ್ಲ, ಹೇಳಿ ಎಂದು. ಹೇಳಿಬಿಟ್ಟೆ. ಒಂದು ವರ್ಷ ಯಾರಿಗೂ ಹೇಳಿರಲಿಲ್ಲ.

ಎಸ್ತರ್ ಈ ಬೀದಿಯ ಹೆಂಗಸರಿಗೆಲ್ಲ ರವಿಕೆ ಹೊಲಿದವಳು. ಮದುಮಗಳ ರವಿಕೆ, ಬಾಣಂತಿಯ ರವಿಕೆ, ಎಲ್ಲ. ಎಲ್ಲರ ಅಳತೆಯೂ ಅವಳ ಪುಸ್ತಕದಲ್ಲಿದೆ. ಅವಳು ಸತ್ತಾಗ ಮನೆಗೆ ಎಲ್ಲರೂ ಬಂದರು, ಅತ್ತರು, ಸರಿ. ಶವಪೆಟ್ಟಿಗೆಯ ಹಿಂದೆ ಚರ್ಚಿನವರೆಗೂ ನಡೆದು ಬಂದರು. ಗೇಟಿನ ಹತ್ತಿರ ನಿಂತುಬಿಟ್ಟರು. ನಲವತ್ತು ಐವತ್ತು ಜನ, ರಸ್ತೆಯಲ್ಲಿ, ಬಿಸಿಲಲ್ಲಿ. ನಾನೇ ತಿರುಗಿ ನೋಡಿ ಕೈ ಮಾಡಿ ಕರೆದೆ. ಒಬ್ಬರೂ ಕಾಲೆತ್ತಲಿಲ್ಲ. ಪಕ್ಕದ ಮನೆ ಲಕ್ಷ್ಮಣಪ್ಪ ತಲೆ ತಗ್ಗಿಸಿದರು. ದಿನಾ ಬೆಳಿಗ್ಗೆ ನನ್ನ ಜಗಲಿಯಲ್ಲಿ ಕೂತು ಕಾಫಿ ಕುಡಿದ ಮನುಷ್ಯ! ಒಳಗೆ ಖಾಲಿ ಬೆಂಚು, ಮುಂದೆ ಅವಳ ಪೆಟ್ಟಿಗೆ. ನಮ್ಮ ದೇವರ ಮನೆಗೆ ಕಾಲಿಟ್ಟರೆ ಮೈಲಿಗೆಯಾಗುತ್ತದೆಯೇ ಇವರಿಗೆ? ಅವತ್ತಿನಿಂದ ನನ್ನ ಬಾಗಿಲು ಮುಚ್ಚಿದೆ. ಲಕ್ಷ್ಮಣಪ್ಪನವರಿಗೂ ಕಾಫಿ ಬಂದ್.

ಪಾಸ್ಟರ್ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಅಂದರು: “ಒಂದ್ಸಲ ಕರೆದು ನೋಡಿ ಅಂಕಲ್. ಬರದಿದ್ರೆ ಆಮೇಲೆ ಎಷ್ಟು ಬೇಕಾದ್ರೂ ಕೋಪ ಮಾಡ್ಕೊಳ್ಳಿ.”

ಕಿಲಾಡಿ ಹುಡುಗ.

ಒಪ್ಪಿದೆ. ಆದರೆ ಇದೇ ಕೊನೆ. ಈ ಸಲವೂ ಗೇಟಿನಾಚೆ ನಿಂತರೆ, ಈ ಮನೆ ಮಾರಿ ಹೊಸಕೋಟೆಗೆ ಮಗಳು ಲೀಲಾಳ ಹತ್ತಿರ ಹೋಗಿಬಿಡುವುದು. ಅವಳಿಗೂ ಕರೆದು ಕರೆದು ಸಾಕಾಗಿದೆ. ಬರೆದಿಟ್ಟಿದ್ದೇನೆ. ಇನ್ನು ಮಾತಿಲ್ಲ.

8-2-95, ಬುಧವಾರ

ಕಾರ್ಡು ಅಚ್ಚು ಹಾಕಿಸುವ ಜವಾಬ್ದಾರಿ ನನ್ನ ತಲೆಗೇ. ಬಸ್ ಸ್ಟ್ಯಾಂಡ್ ಹತ್ತಿರದ ಪ್ರೆಸ್ಸಿಗೆ ಹೋದೆ. ಅವನು ಕೆಂಪು, ಹಸಿರು, ಚಿನ್ನದ ಅಂಚು ಎಂದು ಏನೇನೋ ತೋರಿಸಿದ. ಸರ್ಕಸ್ ನೋಟೀಸೇನಪ್ಪಾ ಇದು ಅಂದೆ. ಬಿಳಿ ಕಾರ್ಡು, ಕಪ್ಪು ಅಕ್ಷರ, ಮೇಲೆ ಒಂದು ಶಿಲುಬೆ. ಸಾಕು. ನೀಟಾಗಿದೆ.

ಅವನು ತಲೆ ಕೆರೆದುಕೊಂಡ. “ಕಪ್ಪಲ್ಲೇ ಹಾಕ್ಲಾ ಸಾರ್?”

“ಕಿವಿ ಕೇಳ್ಸಲ್ವಾ?” ಅಂದೆ.

ಕರೆಂಟು 6ರಿಂದ 10, 2ರಿಂದ 5.

11-2-95, ಶನಿವಾರ

ಹದಿನಾಲ್ಕು ಮನೆಗೂ ಕಾರ್ಡು ಕೊಟ್ಟು ಬಂದೆ. ಮುಕ್ಕಾಲು ಗಂಟೆ. ಯಾರ ಮನೆಯಲ್ಲೂ ಕೂರಲಿಲ್ಲ. ಹೊಸಿಲಾಚೆ ನಿಂತು ಕೈಗೆ ಕೊಟ್ಟೆ, ತಿರುಗಿದೆ. ಲಕ್ಷ್ಮಣಪ್ಪನವರ ಹೆಂಡತಿ ನಾಗಲಕ್ಷ್ಮಮ್ಮ ನೀರು ತರಲು ಒಳಗೆ ಹೋದರು. ಬರುವಷ್ಟರಲ್ಲಿ ನಾನು ಮುಂದಿನ ಮನೆಯಲ್ಲಿದ್ದೆ. ಬನ್ನಿ ಎಂಬ ಮಾತು ಬಾಯಿಗೆ ಬರಲಿಲ್ಲ. ಕಾರ್ಡಿನಲ್ಲಿ ಇದೆಯಲ್ಲ, ಓದಿಕೊಳ್ಳಲಿ.

ಒಂದು ವಿಚಿತ್ರ. ಯಾರೂ ಏನೂ ಕೇಳಲಿಲ್ಲ. ಎದುರು ಮನೆ ಮುನಿರತ್ನಮ್ಮ ಮಹಾ ಬಾಯಾಳಿ, ಅವರೂ ಕಾರ್ಡು ನೋಡಿ ಸೆರಗು ಬಾಯಿಗೆ ಇಟ್ಟುಕೊಂಡು ಸುಮ್ಮನೆ ನಿಂತರು.

ನಗು ಬಂದಿರಬೇಕು ಅವರಿಗೆ.

14-2-95, ಮಂಗಳವಾರ

ಮೈ ಉರಿಯುತ್ತಿದೆ. ಬೆಳಿಗ್ಗೆ ನಡಿಗೆ ಮುಗಿಸಿ ಬರುವಾಗ ನೋಡಿದೆ. ಲಕ್ಷ್ಮಣಪ್ಪನವರ ಸೂರಿನ ಹಂಚಿನ ಸಂದಿಯಲ್ಲಿ ನನ್ನ ಕಾರ್ಡು. ಬಾಗಿಲ ಹೊರಗೆ! ಮುನಿರತ್ನಮ್ಮನ ಮನೆಯದು ಕಿಟಕಿ ಸರಳಿಗೆ ಸಿಕ್ಕಿಸಿದೆ, ಅದೂ ಹೊರಗಡೆಯಿಂದ. ಬೀದಿಯುದ್ದಕ್ಕೂ ನಡೆದೆ. ಒಂಬತ್ತು ಮನೆಯದು ಕಣ್ಣಿಗೆ ಬಿತ್ತು, ಒಂಬತ್ತೂ ಹೊರಗೇ. ದನದ ಡಾಕ್ಟರ ನೋಟೀಸನ್ನಾದರೂ ಒಳಗೆ ತೆಗೆದುಕೊಂಡು ಹೋಗುತ್ತಾರೆ ಈ ಜನ.

ಎಸ್ತರಳ ಟ್ರಂಕು ತೆಗೆದೆ. ಹೊಲಿಯದೆ ಉಳಿದ ರವಿಕೆ ಕಣಗಳು ಏಳು ಇವೆ. ಒಂದೊಂದಕ್ಕೂ ಗುಂಡುಸೂಜಿ ಚುಚ್ಚಿ ಹೆಸರಿನ ಚೀಟಿ. ಒಂದು ವರ್ಷದಲ್ಲಿ ಒಬ್ಬರೂ ಬಂದು ಕೇಳಿಲ್ಲ. ಕ್ರೈಸ್ತರ ಸಾವಿನ ಮನೆಯ ಬಟ್ಟೆ, ಬೇಡವಾಗಿರಬೇಕು.

ಲೀಲಾಳಿಗೆ ಕಾಗದ ಬರೆದೆ. ಹೊಸಕೋಟೆಯಲ್ಲಿ ಒಂದು ರೂಮು ನೋಡು ಎಂದು. ಇನ್ನೂ ಡಬ್ಬಕ್ಕೆ ಹಾಕಿಲ್ಲ.

15-2-95, ಬುಧವಾರ

ಏನು ಬರೆಯಲಿ. ನಗಬೇಕೋ ಅಳಬೇಕೋ ತಿಳಿಯುತ್ತಿಲ್ಲ.

ನಲ್ಲಿಯ ಹತ್ತಿರ ಮುನಿರತ್ನಮ್ಮ ಬಿಂದಿಗೆ ಇಳಿಸಿ ಹತ್ತಿರ ಬಂದರು. ಮೆಲ್ಲಗೆ, ಯಾರಿಗೋ ಹುಷಾರಿಲ್ಲದ ಮನೆಯಲ್ಲಿ ಮಾತಾಡುವ ಹಾಗೆ.

“ಮೇಷ್ಟ್ರೇ, ಭಾನುವಾರ ನಿಮ್ಮಲ್ಲಿ ಎಡೆ ಇಡ್ತಾರಾ?”

“ಎಡೆನಾ? ಯಾವ ಎಡೆ?”

“ಅದೇ, ವರ್ಷದ್ದು. ಎಸ್ತರಮ್ಮನಿಗೆ ನನ್ನ ಕೈಯ ಕಜ್ಜಾಯ ಅಂದ್ರೆ ಪ್ರಾಣ. ಚರ್ಚಲ್ಲಿ ಇಡ್ಬೋದು ಅಂದ್ರೆ ಮಾಡ್ಕೊಂಡ್ ಬರ್ತೀನಿ. ಇಡಂಗಿಲ್ಲ ಅಂದ್ರೆ ಬೇಜಾರಿಲ್ಲ.”

 ನನ್ನ ಬಕೆಟ್ಟು ತುಂಬಿ ಚೆಲ್ಲುತ್ತಿತ್ತು.

ಬೀದಿಗೆ ಬೀದಿಯೇ ಅದನ್ನು ಎಸ್ತರಳ ವರ್ಷದ ತಿಥಿಯ ಕಾರ್ಡು ಅಂದುಕೊಂಡಿದೆ! ಬಿಳಿ ಕಾರ್ಡು, ಕಪ್ಪು ಅಕ್ಷರ, ಮೂಲೆಗೆ ಅರಿಶಿನ ಇಲ್ಲ. ತಿಥಿ ಕಾರ್ಡನ್ನು ಇವರು ಹೊಸಿಲೊಳಗೆ ಇಟ್ಟುಕೊಳ್ಳುವುದಿಲ್ಲ. ಗೊತ್ತಿರುವ ವಿಷಯ. ಮೂವತ್ತು ವರ್ಷ ನೋಡಿದ್ದೇನೆ. ಆದರೆ ಬೀದಿಗೆ ಕರೆಯುವ ಕೆಲಸ ಯಾವತ್ತೂ ಎಸ್ತರಳದು. ಲೀಲಾಳ ಮದುವೆ ಕಾರ್ಡಿಗೆ ಅವಳು ಕೂತು ಅರಿಶಿನ ಹಚ್ಚಿದಳು. ನಮಗ್ಯಾಕೆ ಇದೆಲ್ಲ ಎಂದು ನಾನು ಕೂಗಾಡಿದ್ದೆ. “ಓದೋರಿಗೆ ಗೊತ್ತಾಗ್ಬೇಕಲ್ಲ, ನಮಗಲ್ಲ” ಅಂದಿದ್ದಳು.

ಪ್ರೆಸ್ಸಿನವನು ತಲೆ ಕೆರೆದದ್ದು ಈಗ ಅರ್ಥವಾಯಿತು. ಥೂ ನನ್ನ ಬುದ್ಧಿಗೆ.

15-2-95, ಸಂಜೆ

ಪಾಸ್ಟರ್ ಹತ್ತಿರ ಹೋಗಿ ಹೇಳಿದೆ. ಹುಡುಗ ಮೊದಲು ಬಾಯಿ ಮುಚ್ಚಿಕೊಂಡು ನಕ್ಕರು, ಆಮೇಲೆ ಗಂಭೀರವಾದರು.

“ಸುಮ್ಮನಿದ್ರೆ ಎಲ್ರೂ ಬರ್ತಾರೆ” ಅಂದೆ.

“ಬರ್ತಾರೆ. ಆದ್ರೆ ಸುಳ್ಳು ಹೇಳಿ ಕರೆದಂಗಾಗುತ್ತೆ ಅಂಕಲ್. ನಾಳೆ ಅವರಿಗೇ ಗೊತ್ತಾದ್ರೆ? ಹೋಗಿ ಹೇಳ್ಬಿಡಿ.”

ಅವರು ಹೇಳಿದ್ದು ಸರಿ. ಅದೇ ಕಷ್ಟ.

16-2-95, ಗುರುವಾರ

ಲಕ್ಷ್ಮಣಪ್ಪನವರ ಮನೆಯೊಳಗೆ ಹೋದೆ. ಒಂದು ವರ್ಷದ ಮೇಲೆ. ಕರೆಂಟು ಹೋಗಿ ಮಗ್ಗ ನಿಂತಿತ್ತು. ಅವರು ಲಾಳಿ ಹಿಡಿದುಕೊಂಡೇ ಎದ್ದು ನಿಂತರು. ನಾಗಲಕ್ಷ್ಮಮ್ಮ ಚಾಪೆ ಹಾಸಿದರು. ಸೀದಾ ಹೇಳಿದೆ. ಇದು ತಿಥಿ ಅಲ್ಲ, ನಮ್ಮಲ್ಲಿ ತಿಥಿ ಇಲ್ಲ. ಚರ್ಚಿಗೆ ನೆರೆಯವರನ್ನು ಕರೆಯುವ ಭಾನುವಾರ. ತಪ್ಪು ನನ್ನದು.

“ಕಾರ್ಡಲ್ಲಿ ಬರೆದಿತ್ತಲ್ಲ” ಎಂದೂ ಸೇರಿಸಿದೆ. ಸುಮ್ಮನಿರಲಾರದ ಬಾಯಿ.

“ಅಂಥಾ ಕಾರ್ಡ್ನ ಯಾರು ಪೂರ್ತಿ ಓದ್ತಾರೆ ಮೇಷ್ಟ್ರೇ?” ಅಂದರು ನಾಗಲಕ್ಷ್ಮಮ್ಮ. “ತಾರೀಕು ನೋಡ್ಕೊಂಡ್ವಿ. ನೀವೂ ಹಂಗೇ ಬಂದ್ರಿ. ಒಳಗೆ ಬರ್ಲಿಲ್ಲ, ನೀರು ಕುಡೀಲಿಲ್ಲ. ಬನ್ನಿ ಅನ್ಲಿಲ್ಲ, ಬರ್ತೀನಿ ಅಂತಾನೂ ಹೇಳ್ದೆ ಹೊರಟ್ಬಿಟ್ರಿ. ತಿಥಿಗೆ ಕರೆಯೋರು ಇನ್ನೆಂಗಿರ್ತಾರೆ?”

ನಾನು ಸಿಟ್ಟಿನಿಂದ ಮಾಡಿದ್ದನ್ನೆಲ್ಲ ಇವರು ದುಃಖ ಅಂದುಕೊಂಡಿದ್ದಾರೆ.

ಲಕ್ಷ್ಮಣಪ್ಪ ಲಾಳಿ ಕೆಳಗಿಟ್ಟರು. ಆಮೇಲೆ ಕೇಳಿದರು: “ಹಂಗಾದ್ರೆ ಅವರಿಗೆ ವರ್ಷಕ್ಕೆ ಏನೂ ಮಾಡಲ್ವಾ? ಮೂವತ್ತು ವರ್ಷ ಸಂಸಾರ ಮಾಡಿದೋರಿಗೆ... ಏನೂ?”

ಎದೆಗೆ ನಾಟಿತು. ನಾಟಿದ್ದಕ್ಕೆ ಕೋಪ ಬಂತು. ಕೋಪ ಬಂದದ್ದಕ್ಕೆ ಬಾಯಿ ಬಿಟ್ಟೆ. “ಅವತ್ತು ಚರ್ಚಿನೊಳಗೆ ಕಾಲಿಡದೆ ರಸ್ತೇಲಿ ನಿಂತೋರು ನೀವು. ನನ್ನನ್ನ ಕೇಳ್ತೀರಾ?”

ಅವರ ಮುಖ ನೋಡಬೇಕಿತ್ತು. ನಾನು ಕನ್ನಡ ಬಿಟ್ಟು ಇನ್ಯಾವುದೋ ಭಾಷೆ ಮಾತಾಡಿದೆನೋ ಎಂಬಂತೆ.

“ಏನ್ ಮೇಷ್ಟ್ರೇ ಹಿಂಗಂತೀರ! ಹೆಣದ ಹಿಂದೆ ಬಂದಿದ್ವಿ. ಸೂತಕದ ಮೈ. ಆ ಮೈಯಲ್ಲಿ ದೇವ್ರ ಮನೆ ಹೊಸಿಲು ತುಳಿಯೋದುಂಟಾ? ನಮ್ ದೇವಸ್ಥಾನಕ್ಕೆ ಹೋಗಲ್ಲ, ನಿಮ್ ದೇವಸ್ಥಾನಕ್ಕೆ ಹೋಗ್ತೀವಾ? ನೀವು ಪೆಟ್ಟಿಗೇನೇ ಒಳಗೆ ತಗೊಂಡು ಹೋದ್ರಲ್ಲ, ನಮಗೆ ದಿಗಿಲಾಯ್ತು. ನಿಮ್ಮಲ್ಲಿ ಹಂಗೆ ಇರ್ಬೇಕು ಅಂತ ಸುಮ್ಮನಾದ್ವಿ.”

ನಾಗಲಕ್ಷ್ಮಮ್ಮ ಕಣ್ಣೊರೆಸಿಕೊಂಡರು. “ಅವತ್ತು ಒಂದು ಮಗ್ಗನೂ ಆಡಿಸ್ಲಿಲ್ಲ ಮೇಷ್ಟ್ರೇ ಈ ಬೀದೀಲಿ. ಕರೆಂಟಿದ್ರೂ.”

“ಇರಲಿಲ್ಲ ಅವತ್ತು ಕರೆಂಟು” ಅಂದೆ.

“ಇತ್ತು” ಅಂದರು ಲಕ್ಷ್ಮಣಪ್ಪ.

“ನನ್ನ ಡೈರೀಲಿದೆ. ನೋಡಿ ಹೇಳ್ತೀನಿ” ಅಂತ ಎದ್ದು ಬಂದೆ. ನೋಡಿಲ್ಲ ಇನ್ನೂ.

17-2-95, ಶುಕ್ರವಾರ, ಬೆಳಿಗ್ಗೆ 6

ಹೋದ ವರ್ಷದ ಡೈರಿ ತೆಗೆದೆ. ಇಲ್ಲಿ ಹಾಗೇ ಇಳಿಸಿಕೊಳ್ಳುತ್ತೇನೆ.

‘22-2-94, ಮಂಗಳವಾರ. ಎಸ್ತರಳನ್ನು ಮಣ್ಣು ಮಾಡಿ ಬಂದೆವು. ಮನೆಯಿಂದ ಎತ್ತುವವರೆಗೂ ಫ್ಯಾನು ತಿರುಗುತ್ತಿತ್ತು, ಹೂ ಬಾಡಿರಲಿಲ್ಲ. ಬೀದಿಯವರು ಒಬ್ಬರೂ ಚರ್ಚಿನೊಳಗೆ ಬರಲಿಲ್ಲ. ಬೆಳಗಿನಿಂದ ಬೀದಿ ನಿಶ್ಶಬ್ದ. ಕರೆಂಟು ಇಲ್ಲವೇನೋ.’

ಎಲ್ಲ ನನ್ನ ಅಕ್ಷರವೇ. ಫ್ಯಾನು ತಿರುಗುತ್ತಿತ್ತು ಎಂದು ಬರೆದು, ಎರಡು ಸಾಲು ಬಿಟ್ಟು ಕರೆಂಟು ಇಲ್ಲವೇನೋ ಎಂದು ಬರೆದಿದ್ದೇನೆ.

ಹದಿನಾಲ್ಕು ಮನೆ, ಒಂದು ದಿನದ ಕೂಲಿ. ನನ್ನ ಕಿವಿಗೆ ಅದು ಕೇಳಿಸಲೇ ಇಲ್ಲ. ಒಂದು ವರ್ಷ ಎಂಥ ಮನುಷ್ಯನಾಗಿದ್ದೆ ನಾನು.

17-2-95, ಮಧ್ಯಾಹ್ನ

ಲಕ್ಷ್ಮಣಪ್ಪನವರಿಗೆ ಹೋಗಿ ಹೇಳಿದೆ: “ಇತ್ತು.” ಅಷ್ಟೇ. ಅವರೂ ತಲೆ ಆಡಿಸಿದರು, ಅಷ್ಟೇ. ಕಾಫಿ ಕುಡಿದೆ ಅಲ್ಲೇ. ಸಕ್ಕರೆ ಜಾಸ್ತಿ, ಆದರೂ ಕುಡಿದೆ.

ಅಲ್ಲಿಂದ ಪಾಸ್ಟರ್ ಹತ್ತಿರ. ಭಾನುವಾರ ಎಸ್ತರಳ ಹೆಸರು ಹೇಳಿ ಸ್ತೋತ್ರ ಸಲ್ಲಿಸೋಣವೇ ಎಂದು ಕೇಳಿದೆ. 

“ನಾನೇ ಕೇಳೋಣ ಅಂತಿದ್ದೆ ಅಂಕಲ್. ಧೈರ್ಯ ಬರ್ಲಿಲ್ಲ.”

ಎಡೆ ಇಡುವುದಿಲ್ಲ. ಆದರೆ ಯಾರು ಏನು ಮಾಡಿಕೊಂಡು ಬಂದರೂ ಊಟದ ಪಂಕ್ತಿಯಲ್ಲಿ ಬಡಿಸೋಣ ಅಂದರು. ಕಜ್ಜಾಯ ಇಬ್ಬರಿಗೂ ಇಷ್ಟ, ಅವರಿಗೂ ನನಗೂ.

ಈಗ ಸಮಸ್ಯೆ: ಮತ್ತೆ ಕರೆಯಬೇಕು, ಸರಿಯಾಗಿ. ಮಿಕ್ಕ ಕಾರ್ಡು ಹದಿನಾರು ಇವೆ. ಅರಿಶಿನ ಹಚ್ಚಬೇಕೋ ಬೇಡವೋ? ಹಬ್ಬವೂ ಅಲ್ಲ, ತಿಥಿಯೂ ಅಲ್ಲ. ನಾಗಲಕ್ಷ್ಮಮ್ಮನನ್ನೇ ಕೇಳಿದೆ. ಸೊಂಟಕ್ಕೆ ಕೈ ಇಟ್ಟುಕೊಂಡು ಯೋಚನೆ ಮಾಡಿದರು.

“ಎಸ್ತರಮ್ಮ ಮುತ್ತೈದೆಯಾಗಿ ಹೋದೋರು. ಅವರ ಹೆಸರಲ್ಲಿ ಕರೆಯೋಕೆ ಅರಿಶಿನ ಹಚ್ಚಿದ್ರೆ ತಪ್ಪೇನಿಲ್ಲ. ವರ್ಷನೂ ಕಳೀತಾ ಬಂತು. ಹಚ್ಚಿ.”

18-2-95, ಶನಿವಾರ

ಎಸ್ತರಳ ಅಡುಗೆಮನೆ ಡಬ್ಬಿಯಿಂದ ಅರಿಶಿನ ತೆಗೆದು ನೀರಲ್ಲಿ ಕಲಸಿ ಹದಿನಾಲ್ಕು ಕಾರ್ಡಿನ ನಾಲ್ಕು ಮೂಲೆಗೂ ಹಚ್ಚಿದೆ. ಅವಳು ನೋಡಿದ್ದರೆ ಒಂದು ತಿಂಗಳು ಆಡಿಕೊಳ್ಳುತ್ತಿದ್ದಳು. ಬೆರಳು ಇನ್ನೂ ಹಳದಿ, ಈ ಪುಟಕ್ಕೂ ಮೆತ್ತಿದೆ.

ಎಲ್ಲ ಮನೆಗೂ ಹೋದೆ. ಒಳಗೆ ಕೂತೆ. ಏಳು ಲೋಟ ಕಾಫಿ, ಎರಡು ಮಜ್ಜಿಗೆ. ಪ್ರತಿ ಮನೆಯಲ್ಲೂ ಇದ್ದದ್ದು ಇದ್ದ ಹಾಗೆ ಹೇಳಿದೆ. ಇದು ತಿಥಿ ಅಲ್ಲ, ನಮ್ಮ ಆರಾಧನೆ, ಎಸ್ತರಳ ಹೆಸರು ಹೇಳುತ್ತೇವೆ, ಬನ್ನಿ. ಬನ್ನಿ ಎಂಬ ಮಾತು ಹದಿನಾಲ್ಕು ಸಲ, ಬಾಯಿ ತುಂಬ. ರವಿಕೆ ಕಣಗಳನ್ನೂ ಅವರವರಿಗೆ ಕೊಟ್ಟೆ. ಮುನಿರತ್ನಮ್ಮನದು ಆಗಲೇ ಕತ್ತರಿಸಿಟ್ಟಿತ್ತು, ಸೀಮೆಸುಣ್ಣದ ಗುರುತು ಹಾಗೇ ಇತ್ತು. ಅವರು ಆ ಗುರುತಿನ ಮೇಲೆ ಬೆರಳಾಡಿಸಿದರು.

“ಯಾಕೆ ಬಂದು ಕೇಳ್ಲಿಲ್ಲ?” ಅಂದೆ.

“ಸಾವಾದ ಮನೆಗೆ ಬಂದು ನನ್ ಬಟ್ಟೆ ಕೊಡಿ ಅಂತ ಕೇಳ್ತಾರಾ? ಏನ್ ಮೇಷ್ಟ್ರೋ ನೀವು!” ಬೈದು ಅತ್ತರು. ಕಜ್ಜಾಯದ ಪಾಕ ಒಲೆಯ ಮೇಲಿತ್ತು.

ಎಲ್ಲ ಕಡೆ ಹೀಗೇ ಆಗಲಿಲ್ಲ. ಮೂಲೆ ಮನೆ ಆದಿನಾರಾಯಣಪ್ಪ, ಎಪ್ಪತ್ತರ ಮುದುಕ, ಕಾರ್ಡು ತಿರುಗಿಸಿ ಮುರುಗಿಸಿ ನೋಡಿದರು.

“ತಿಥಿ ಅಂದಿದ್ರೆ ಕಣ್ಮುಚ್ಕೊಂಡು ಬರ್ತಿದ್ದೆ. ಇದು ಬೇರೆ ಆಯ್ತು. ಅಲ್ಲಿ ನೀರು ಚಿಮುಕಿಸಿ ಹೆಸ್ರು ಬದಲಾಯಿಸ್ತಾರಂತಲ್ಲಪ್ಪಾ.”

“ಎಪ್ಪತ್ತು ವರ್ಷದ ಹೆಸ್ರು, ಯಾರಿಗೆ ಬೇಕು ಯಜಮಾನ್ರೇ?” ಅಂದೆ. ಅವರು ನಗಲಿಲ್ಲ. ನಾನೂ ಹೆಚ್ಚು ಎಳೆಯಲಿಲ್ಲ. ಅವರ ಭಯ ಅವರದು. ಬರುವುದೂ ಬಿಡುವುದೂ ನಿಮಗೆ ಬಿಟ್ಟದ್ದು, ಕರೆಯುವುದು ನನ್ನ ಕೆಲಸ ಅಂದೆ. ಕಾರ್ಡು ಹಿಂದಕ್ಕೆ ಕೊಡಲಿಲ್ಲ, ಒಳಗೂ ಇಡಲಿಲ್ಲ. ಕೈಯಲ್ಲೇ ಇತ್ತು.

ಇನ್ನೊಂದು. ಬೀದಿಯವರೆಲ್ಲ ಸೇರಿ ಒಪ್ಪಿಕೊಂಡಿರುವ ಮದುವೆ ಸೀರೆ ಆರ್ಡರಂತೆ, ಸೋಮವಾರ ಬೆಳಿಗ್ಗೆ ಲಾರಿಗೆ ಹೋಗಲೇಬೇಕು. ಹೋದ ವಾರವೆಲ್ಲ ಕರೆಂಟು ಕೈಕೊಟ್ಟಿದೆ. ಭಾನುವಾರ ಬೆಳಿಗ್ಗೆ ಕರೆಂಟು ಇರುವ ಹೊತ್ತೇ ಆರಾಧನೆಯ ಹೊತ್ತು.

“ಮಾತು ಕೊಡೋಕಾಗಲ್ಲ ಮೇಷ್ಟ್ರೇ” ಅಂದರು ಲಕ್ಷ್ಮಣಪ್ಪ. “ಮಗ್ಗ ನಿಲ್ಸಿದ್ರೆ ಆರ್ಡರ್ ಕೆಡುತ್ತೆ. ಹೆಂಗಸರನ್ನಾದ್ರೂ ಕಳಿಸೋಕೆ ನೋಡ್ತೀನಿ. ಅವರೂ ಇಲ್ದೆ ಕೆಲಸ ಸಾಗಲ್ಲ, ನಿಮಗೆ ಗೊತ್ತು.”

ಗೊತ್ತು. ಬರದಿದ್ದರೆ ಕೋಪ ಮಾಡಿಕೊಳ್ಳಲು ಈ ಸಲ ನನಗೆ ಕಾರಣವೂ ಇಲ್ಲ. ಆದರೂ ಬರಲಿ ಅನಿಸುತ್ತಿದೆ. ಬಹಳ ಅನಿಸುತ್ತಿದೆ. ಖಾಲಿ ಬೆಂಚಿನ ಮುಂದೆ ಅವಳ ಹೆಸರು ಇನ್ನೊಂದು ಸಲ ಕೇಳಲಾರೆ.

ಲೀಲಾಳಿಗೆ ಬರೆದ ಕಾಗದ ಮೇಜಿನ ಮೇಲೇ ಇದೆ.

19-2-95, ಭಾನುವಾರ, ಬೆಳಿಗ್ಗೆ 8-30

ಸ್ನಾನ ಆಯಿತು. ಬಿಳಿ ಪ್ಯಾಂಟು, ಬಿಳಿ ಶರ್ಟು. ಲೀಲಾ ಮೊದಲ ಬಸ್ಸಿಗೇ ಹೊಸಕೋಟೆಯಿಂದ ಬಂದಿದ್ದಾಳೆ. ಒಳಗೆ ಸೀರೆಗೆ ಇಸ್ತ್ರಿ ಹಾಕುತ್ತಿದ್ದಾಳೆ. ಕಾಗದ ನೋಡಿದಳು. ಮೇಜಿನ ಮೇಲೇ ಬಿಟ್ಟು ಹೋದಳು.

ಆರಾಧನೆ 9-30ಕ್ಕೆ. ಕರೆಂಟು 6ಕ್ಕೇ ಬಂದಿದೆ. ಬಂದ ಕ್ಷಣದಿಂದ ಮಗ್ಗಗಳು ಒಂದೇ ಸಮನೆ ಆಡುತ್ತಿವೆ, ಬೀದಿ ಪೂರ್ತಿ. ಎಲ್ಲ ಕೆಲಸಕ್ಕೆ ಕೂತಿದ್ದಾರೆ. ಸರಿ, ಆರ್ಡರ್ ಇದೆಯಲ್ಲ. ಬೀದಿಯ ಕಡೆ ನೋಡಬಾರದು ಎಂದು ಕಿಟಕಿಗೆ ಬೆನ್ನು ಹಾಕಿ ಕೂತಿದ್ದೇನೆ. 

8-45. ಲಕ್ಷ್ಮಣಪ್ಪನವರ ಮಗ್ಗ ನಿಂತಿತು. ದಾರ ಕಡಿದಿರಬೇಕು.

ಎದುರು ಮುನಿರತ್ನಮ್ಮನದೂ ನಿಂತಿತು.

ಕರೆಂಟು 6ರಿಂದ 8-45... ಅಲ್ಲ. ಹೊಡೆದು ಹಾಕುತ್ತೇನೆ ಇದನ್ನು. ಕರೆಂಟು ಹೋದರೆ ಎಲ್ಲ ಒಂದೇ ಏಟಿಗೆ ನಿಲ್ಲಬೇಕು. ತಲೆಯ ಮೇಲೆ ಫ್ಯಾನು ತಿರುಗುತ್ತಿದೆ. ಲೀಲಾಳ ಇಸ್ತ್ರಿಪೆಟ್ಟಿಗೆಯ ಕೆಂಪು ದೀಪ ಉರಿಯುತ್ತಿದೆ. ಮಗ್ಗಗಳು ಒಂದೊಂದಾಗಿ ನಿಲ್ಲುತ್ತಿವೆ. ಮನೆ ಮನೆಯದೂ ನನ್ನ ಕಿವಿಗೆ ಗೊತ್ತು. ಐದು. ಆರು. ಆಚೆ ಸಾಲಿನಲ್ಲಿ ಎರಡು ಒಟ್ಟಿಗೆ, ಎಂಟು. ಯಾರದೋ ಬಾಗಿಲ ಚಿಲಕ. ಹತ್ತು. ಹನ್ನೊಂದು.

ಲೀಲಾ ಬಂದು ಪಕ್ಕದಲ್ಲಿ ನಿಂತಿದ್ದಾಳೆ. ಹದಿಮೂರು.

ಆದಿನಾರಾಯಣಪ್ಪನವರದು ಒಂದೇ ಈಗ. ಮೂಲೆಯಿಂದ ಒಂಟಿಯಾಗಿ ಕೇಳುತ್ತಿದೆ. ಖಟ್, ಖಟ್... ನಿಧಾನವಾಯಿತು. ಅದೂ